ಪಂಪ್‌ಗೆ ಮುದ್ದೆ ಗೊತ್ತಿಲ್ಲ

ನನ್ನ ಸೊಂಟದಲ್ಲಿರೋದು ಮೊಬೈಲ್ ಅಲ್ಲ. ಹಾಡು ಕೇಳೋ ಡಬ್ಬಿಯೂ ಅಲ್ಲ. ಮಂಡ್ಯದಿಂದ ಮೈಸೂರಿಗೆ ಹೋಗೋ ಬಸ್ಸಲ್ಲಿ ಒಬ್ಬ ಕಂಡಕ್ಟರ್ "ಹೆಜ್ಜೆ ಲೆಕ್ಕ ಹಾಕೋ ಮಿಷನ್ನೇನಮ್ಮ ಅದು?" ಅಂತ ಕೇಳಿದ್ರು, ಅದೂ ಅಲ್ಲ. ಅದು ಇನ್ಸುಲಿನ್ ಪಂಪ್. ನನಗೀಗ ಹದಿನೇಳು. ಟೈಪ್ ಒನ್ ಡಯಾಬಿಟಿಸ್ ಅಂತ ಗೊತ್ತಾದಾಗ ಆರನೇ ಕ್ಲಾಸು ಮುಗಿದ ಬೇಸಿಗೆ ರಜೆ, ಪಂಪ್ ಬಂದಿದ್ದು ಎಸ್ಸೆಸ್ಸೆಲ್ಸಿಯಲ್ಲಿ.

ಇಷ್ಟು ಹೇಳಿದ ಮೇಲೆ ಹತ್ತರಲ್ಲಿ ಒಂಬತ್ತು ಜನ ಹೇಳೋದು ಒಂದೇ ಮಾತು: "ಓ, ಹಂಗಾದ್ರೆ ಎಲ್ಲ ಅದೇ ನೋಡ್ಕೊಳುತ್ತೆ ಬಿಡು." ನಿಂತ ಕಾಲಲ್ಲಿ ಇದಕ್ಕೆ ಉತ್ತರ ಕೊಡೋಕಾಗಲ್ಲ. ಅದಕ್ಕೇ ಬರೀತಿದ್ದೀನಿ.

ಪಂಪ್ ಒಳಗೆ ಮೂರು ದಿನಕ್ಕಾಗುವಷ್ಟು ಇನ್ಸುಲಿನ್ ತುಂಬಿದ ಚಿಕ್ಕ ಕೊಳವೆ ಇದೆ. ಅಲ್ಲಿಂದ 60 ಸೆಂಟಿಮೀಟರ್ ಉದ್ದದ ಸಣ್ಣ ಪೈಪು ಹೊರಡುತ್ತೆ. ಅದರ ತುದಿಗೆ ಹೊಟ್ಟೆಯ ಚರ್ಮದ ಕೆಳಗೆ ಕೂರೋ 6 ಮಿಲಿಮೀಟರಿನ ಮೆತ್ತನೆ ನಳಿಕೆ, ಅದಕ್ಕೆ ಕ್ಯಾನುಲಾ ಅಂತಾರೆ. ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸಿ ಹೊಸದು ಚುಚ್ಚಿಕೋಬೇಕು. ಒಂದೇ ಜಾಗಕ್ಕೆ ಚುಚ್ತಾ ಇದ್ರೆ ಅಲ್ಲಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಹೀರಲ್ಲ. ಹಗಲು ರಾತ್ರಿ ಅನ್ನದೆ ಕೆಲವು ನಿಮಿಷಕ್ಕೊಮ್ಮೆ ಚೂರುಚೂರೇ ಇನ್ಸುಲಿನ್ ಒಳಗೆ ಹೋಗುತ್ತೆ, ಅದು ಬೇಸಲ್. ಊಟಕ್ಕೆ ಅಂತ ನಾನೇ ಬಟನ್ ಒತ್ತಿ ಹಾಕ್ಕೊಳೋದು ಬೋಲಸ್. ನನ್ನ ಬೇಸಲ್ ಮಧ್ಯರಾತ್ರಿಯಿಂದ ಗಂಟೆಗೆ 0.6 ಯೂನಿಟ್, ಬೆಳಗಿನ ಜಾವ ನಾಲ್ಕರಿಂದ 0.9. ಆ ಹೊತ್ತಲ್ಲಿ ಬೆಳವಣಿಗೆಯ ಹಾರ್ಮೋನು, ಕಾರ್ಟಿಸಾಲ್ ಎಲ್ಲ ಏರಿ, ಏನೂ ತಿನ್ನದೆ ಮಲಗಿದ್ರೂ ಶುಗರ್ ಮೇಲೆ ಹೋಗುತ್ತೆ, ನನ್ನ ವಯಸ್ಸಲ್ಲಂತೂ ಇನ್ನೂ ಜೋರು. ಮೊದಲು ಊಟದ ಇಂಜೆಕ್ಷನ್ ಬಿಟ್ಟು, ದಿನವಿಡೀ ಇರಲಿ ಅಂತ ದಿನಕ್ಕೊಂದು ಸಲ ಹಾಕ್ತಿದ್ದ ಇಂಜೆಕ್ಷನ್‌ಗೆ ನಾಲ್ಕು ಗಂಟೆಗೆ ಜಾಸ್ತಿ ಆಗು ಅಂತ ಹೇಳೋಕಾಗ್ತಿರ್ಲಿಲ್ಲ. ಪಂಪ್‌ಗೆ ಹೇಳಬಹುದು.

ಅಪ್ಪ ಊರಲ್ಲಿ ಇದನ್ನ ಹೇಳೋ ರೀತಿ ಬೇರೆ. "ಮೊದ್ಲು ನಾಲೆ ನೀರು ಬಿಟ್ಟಂಗೆ ಒಂದೇ ಸಲ ಬಿಡ್ತಿದ್ವಿ. ಈಗ ಮಗಳಿಗೆ ಡ್ರಿಪ್ ಹಾಕ್ಸಿದ್ದೀವಿ." ಎರಡೆಕರೆ ಕಬ್ಬು ಬೆಳೆಯೋ ಮನುಷ್ಯ, ವಿ.ಸಿ. ನಾಲೆ ನೀರಿಗೆ ರಾತ್ರಿಯೆಲ್ಲ ಕಾದವರು. ಕೇಳೋರೂ ಅಂಥವರೇ, ಆದ್ದರಿಂದ ಡಾಕ್ಟರ್ ಹೇಳಿದ್ದಕ್ಕಿಂತ ಇದು ಬೇಗ ಅರ್ಥವಾಗುತ್ತೆ. ದುಡ್ಡಿನ ವಿಷಯಕ್ಕೂ ಇಲ್ಲೇ ಬಂದುಬಿಡ್ತೀನಿ: ಪಂಪ್ ಲಕ್ಷಗಟ್ಟಲೆ, ತಿಂಗಳ ಸಾಮಾನು ಸಾವಿರಗಟ್ಟಲೆ. ನಮ್ಮನೇಲಿ ಒಂದು ಚೀಟಿ ಎತ್ತಿ, ಕಬ್ಬಿನ ಬಿಲ್ ಸೇರಿಸಿ ತಂದಿದ್ದು. ಇದು ಬೇಕಾದ ಎಲ್ಲರ ಕೈಗೂ ಎಟುಕಲ್ಲ ಅನ್ನೋದು ನನಗೆ ಗೊತ್ತು. ನಾನು ತೋರಿಸೋ ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂರೋ ಮಕ್ಕಳಲ್ಲಿ ಹೆಚ್ಚಿನವರು ಈಗಲೂ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ತಾರೆ.

ಈಗ ಮುಖ್ಯ ವಿಷಯ. ನಾನು ಏನು ಉಂಡೆ ಅನ್ನೋದು ಪಂಪ್‌ಗೆ ಗೊತ್ತಾಗಲ್ಲ. ಊಟದಲ್ಲಿ ಕಾರ್ಬೋಹೈಡ್ರೇಟ್, ಅಂದ್ರೆ ಮೈಯಲ್ಲಿ ಸಕ್ಕರೆಯಾಗೋ ಅಂಶ, ಎಷ್ಟಿದೆ ಅಂತ ನಾನೇ ಹೇಳಬೇಕು, ಅದೂ ಉಣ್ಣೋಕೆ ಮುಂಚೆ, ಗ್ರಾಂ ಲೆಕ್ಕದಲ್ಲಿ. ಚಿಕ್ಕದಾಗಿ ಅದಕ್ಕೆ ಕಾರ್ಬ್ ಅಂತೀವಿ. ಈಚೆಗೆ ಬಂದಿರೋ ಪಂಪ್‌ಗಳು ಶುಗರ್ ಅಳೆಯೋಕೆ ಮೈಗೆ ಅಂಟಿಸಿದ ಸೆನ್ಸರ್ ನೋಡಿ ಬೇಸಲ್ ತಾವೇ ಹೆಚ್ಚು ಕಮ್ಮಿ ಮಾಡ್ಕೊಳುತ್ವೆ. ಅವಕ್ಕೂ ಊಟದ ಲೆಕ್ಕ ನಾವೇ ಕೊಡಬೇಕು. ನನ್ನದು ಅದಕ್ಕಿಂತ ಹಿಂದಿನದು, ಸೆನ್ಸರ್ ಬೇರೆ, ಪಂಪ್ ಬೇರೆ, ಮಧ್ಯದಲ್ಲಿ ನಾನು.

ಬಿಸ್ಕೆಟ್ ಪೊಟ್ಟಣದ ಹಿಂದೆ ಕಾರ್ಬ್ ಎಷ್ಟು ಅಂತ ಬರೆದಿರುತ್ತೆ. ಇಡ್ಲಿಗೆ ಅಂದಾಜು ಸಿಗುತ್ತೆ. ಮುದ್ದೆಗೆ? ಡಯಟೀಷಿಯನ್ ಕೊಟ್ಟ ಚಾರ್ಟಲ್ಲಿ "ರಾಗಿ ಮುದ್ದೆ – 1" ಅಂತಿತ್ತು. ಯಾರ ಮನೆ ಮುದ್ದೆ? ನಮ್ಮಮ್ಮ ಕಟ್ಟೋದು ಒಂದು ಗಾತ್ರ, ಪಾಂಡವಪುರದ ಹತ್ತಿರ ಇರೋ ನಮ್ಮಜ್ಜಿ ಕಟ್ಟೋದು ಗದ್ದೆ ಕೆಲಸದವರ ಗಾತ್ರ. ಮೇಲಾಗಿ ಅಜ್ಜಿಯದೊಂದು ಸಿದ್ಧಾಂತ: "ರಾಗೀಲಿ ಸುಗರ್ ಎಲ್ಲಿಂದ ಬತ್ತದವ್ವ, ಸುಮ್ನೆ ಉಣ್ಣು." ಅಜ್ಜಿ ಒಬ್ಬಳೇ ಅಲ್ಲ, ಮಂಡ್ಯ ಜಿಲ್ಲೆಯ ಅರ್ಧ ಜನ ಇದನ್ನೇ ನಂಬಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಪಟ್ಟಿ ನೋಡಿದ್ರೆ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್, ಅದೇ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78. ರಾಗಿಯಲ್ಲಿ ನಾರು ಜಾಸ್ತಿ, ಕ್ಯಾಲ್ಸಿಯಂ ಜಾಸ್ತಿ, ಎಲ್ಲ ಒಪ್ಕೋತೀನಿ. ಆದ್ರೆ ಅದು ಸೊಪ್ಪಲ್ಲ. ನನ್ನ ಸೆನ್ಸರ್ ಗ್ರಾಫ್‌ಗೆ ರಾಗಿಯ ಮಹಿಮೆ ಗೊತ್ತಿಲ್ಲ, ಇನ್ಸುಲಿನ್ ಹಾಕದೆ ಮುದ್ದೆ ಉಂಡ್ರೆ ನೆಟ್ಟಗೆ ಮೇಲೆ ಏರುತ್ತೆ.

ಹಾಗಾಗಿ ಒಂದು ಭಾನುವಾರ ಅಮ್ಮನ ಜೊತೆ ಅಡುಗೆಮನೆಯಲ್ಲಿ ತೂಕದ ಮಿಷನ್ ಇಟ್ಕೊಂಡು ಕೂತೆ. ಹಿಟ್ಟು ಅರ್ಧ ಕೇಜಿ. ಬೆಂದು, ಕೋಲಲ್ಲಿ ತೊಳಸಿ, ಕಟ್ಟಿದ ಮುದ್ದೆಗಳೆಲ್ಲ ಸೇರಿ ಸುಮಾರು 1,600 ಗ್ರಾಂ ಬಂತು. ಅಂದ್ರೆ ಅರ್ಧ ಕೇಜಿ ಹಿಟ್ಟಿನ 335 ಗ್ರಾಂ ಕಾರ್ಬ್ ಅಷ್ಟರಲ್ಲೂ ಹಂಚಿಹೋಗಿದೆ. 100 ಗ್ರಾಂ ಮುದ್ದೆಗೆ 21. ಅಮ್ಮನ ಒಂದು ಮುದ್ದೆ 200 ಗ್ರಾಂ ತೂಗ್ತು, 42 ಗ್ರಾಂ ಕಾರ್ಬ್. ನನಗೆ 10 ಗ್ರಾಂ ಕಾರ್ಬ್‌ಗೆ 1 ಯೂನಿಟ್ ಬೇಕು, ಹಾಗಾಗಿ 4.2 ಯೂನಿಟ್. ಆಮೇಲೆ ಊರಿಗೆ ಹೋದಾಗ ಅಜ್ಜಿಯ ಮುದ್ದೆ ತೂಗಿದೆ: 350 ಗ್ರಾಂ. 7 ಯೂನಿಟ್ ಮೇಲೆ ಆಯ್ತು. ಮೂರು ಯೂನಿಟ್ ವ್ಯತ್ಯಾಸ ಅಂದ್ರೆ ಸಣ್ಣದಲ್ಲ, ನನ್ನ ಮೈಯಲ್ಲಿ ಒಂದು ಯೂನಿಟ್ ಶುಗರನ್ನ 40ರಷ್ಟು ಇಳಿಸುತ್ತೆ. "ಒಂದು ಮುದ್ದೆ" ಅಂತ ಎರಡು ಕಡೆಯೂ ಒಂದೇ ಲೆಕ್ಕ ಒತ್ತಿದ್ರೆ, ಒಂದು ಮನೇಲಿ ಸರಿ, ಇನ್ನೊಂದು ಮನೇಲಿ 120 ಮೇಲೆ. ಅನ್ನಕ್ಕೆ ಇಟ್ಟ ತಟ್ಟೆಯನ್ನ ಮಿಷನ್ ಮೇಲೆ ಇಟ್ಟಾಗ ಅಜ್ಜಿ "ಅನ್ನಾನ ತೂಗಬಾರ್ದು ಕಣವ್ವ, ಏಳ್ಗೆ ಆಗಲ್ಲ" ಅಂದಳು. ನಾನು ತೂಗಿದೆ. ಈಗ ಸುಮಾರು ಕಣ್ಣಂದಾಜಿಗೇ ಬರುತ್ತೆ, ಆದ್ರೂ ಹೊಸ ಮನೆ ಊಟ ಅಂದ್ರೆ ಮಿಷನ್ ಬ್ಯಾಗಲ್ಲಿರುತ್ತೆ.

ಬಾಡೂಟ ಇನ್ನೊಂದು ಕಥೆ. ಮುದ್ದೆ ಒಂದು ಹೊತ್ತಿಗೆ ಏರಿಸಿದ್ರೆ, ಮಟನ್ನಿನ ಕೊಬ್ಬು, ಪ್ರೋಟೀನು ಮೂರ್ನಾಲ್ಕು ಗಂಟೆ ಆದ ಮೇಲೆ ನಿಧಾನಕ್ಕೆ ಏರಿಸುತ್ವೆ. ಪಂಪಲ್ಲಿ ಬೋಲಸನ್ನ ಎರಡು ಭಾಗ ಮಾಡಬಹುದು: ಸ್ವಲ್ಪ ಈಗ, ಉಳಿದಿದ್ದು ಎರಡು ಮೂರು ಗಂಟೆ ಉದ್ದಕ್ಕೆ. ನನ್ನನ್ನ ಕೇಳಿದ್ರೆ ಪಂಪಿನ ನಿಜವಾದ ಉಪಯೋಗ ಇದೇ. ಮೈಸೂರು ಪಾಕ್ ತಿನ್ನಬಹುದಾ ಅಂತಲೂ ಕೇಳ್ತಾರೆ. ತಿನ್ನಬಹುದು, ತೂಗಿ. ಈ ಕಾಯಿಲೆ ಸಿಹಿ ತಿಂದು ಬಂದಿದ್ದೂ ಅಲ್ಲ. ಮೈಯ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡೋ ಜೀವಕೋಶಗಳನ್ನ ಹಾಳು ಮಾಡಿರುತ್ತೆ.

"ನಮ್ ಕಾಲ್ದಲ್ಲಿ ಮಕ್ಕಳಿಗೆ ಸುಗರ್ ಎಲ್ಲಿತ್ತು?" ಇದು ಊರಲ್ಲಿ ಕೇಳೋ ಇನ್ನೊಂದು ಮಾತು. ನಾನು ಒಂದು ಸಲ ಇದಕ್ಕೆ ಕೆನಡಾದ ಟೊರೊಂಟೊದ ಕಥೆ ಹೇಳಿದೆ. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನೋ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟಿದ್ದು. ಅವನಿಗೆ ಹದಿನಾಲ್ಕು ವರ್ಷ. ಮೊದಲನೇ ಇಂಜೆಕ್ಷನ್ ಶುದ್ಧ ಇರಲಿಲ್ಲ, ಒಗ್ಗಲಿಲ್ಲ. ಕಾಲಿಪ್ ಅನ್ನೋ ವಿಜ್ಞಾನಿ ಅದನ್ನ ಶುದ್ಧ ಮಾಡಿದ ಮೇಲೆ ಎರಡು ವಾರದೊಳಗೆ ಮತ್ತೆ ಕೊಟ್ರು, ಹುಡುಗ ಚೇತರಿಸ್ಕೊಂಡ, ಇನ್ನೂ ಹದಿಮೂರು ವರ್ಷ ಬದುಕಿದ. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ವರ್ಷವೋ ಎರಡು ವರ್ಷವೋ, ಅಷ್ಟೇ. ಹೊಟ್ಟೆಗೆ ಕೊಡದೆ ಇಟ್ಟು ಒಂದಿಷ್ಟು ದಿನ ಎಳೀತಿದ್ರು. ಅಜ್ಜಿ ಅವರೆಕಾಯಿ ಸುಲೀತಾ ಕೇಳಿಸ್ಕೊಂಡಳು. ಸುಮಾರು ಹೊತ್ತು ಬಿಟ್ಟು, ತನ್ನ ತಮ್ಮನ ವಿಷಯ ಹೇಳಿದಳು. ಎಂಟೋ ಒಂಬತ್ತೋ ವರ್ಷದವನು, ಕೊಡಗಟ್ಟಲೆ ನೀರು ಕುಡೀತಿದ್ದನಂತೆ, ರಾತ್ರಿಯೆಲ್ಲ ಉಚ್ಚೆಗೆ ಏಳ್ತಿದ್ದನಂತೆ, ಎಷ್ಟು ಉಂಡ್ರೂ ಸೊರಗ್ತಾ ಹೋದನಂತೆ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ರು. ಹೋಗಿಬಿಟ್ಟ. ಅದು ಇದೇನಾ ಅಂತ ಅಜ್ಜಿ ಕೇಳಿದಳು. ಇರಬಹುದು ಅಂದೆ. ಅವನ ಹೆಸರನ್ನ ನಾನು ಅವತ್ತೇ ಮೊದಲು ಕೇಳಿದ್ದು. ಅಮ್ಮನಿಗೂ ಗೊತ್ತಿರಲಿಲ್ಲ.

ಪಂಪ್ ಇರೋರಿಗೆ ಒಂದು ದೊಡ್ಡ ಅಪಾಯ ಇದೆ, ಅದನ್ನ ಹೇಳದೆ ಮುಂದೆ ಹೋಗಲ್ಲ. ಪಂಪಲ್ಲಿರೋದು ಬೇಗ ಕೆಲಸ ಮಾಡಿ ಬೇಗ ಮುಗಿಯೋ ಇನ್ಸುಲಿನ್ ಮಾತ್ರ. ಇಂಜೆಕ್ಷನ್ ತಗೊಳೋರಿಗೆ ದಿನವಿಡೀ ಇರೋ ಇನ್ನೊಂದು ಇನ್ಸುಲಿನ್ ಮೈಯಲ್ಲಿರುತ್ತೆ. ನಮಗಿಲ್ಲ. ಕ್ಯಾನುಲಾ ಮಡಚಿಕೊಂಡ್ರೆ ಕೆಲವೇ ಗಂಟೆಯಲ್ಲಿ ಕೀಟೋನ್ ಶುರುವಾಗುತ್ತೆ, ಅಂದ್ರೆ ಇನ್ಸುಲಿನ್ ಇಲ್ಲದೆ ಮೈ ಕೊಬ್ಬನ್ನ ಕರಗಿಸಿದಾಗ ರಕ್ತಕ್ಕೆ ಸೇರೋ ಆಮ್ಲ. ಬಿಟ್ಟರೆ ಐಸಿಯು. ಪಂಪ್ ಎಲ್ಲ ಸಲವೂ ಕೂಗಿ ಹೇಳಲ್ಲ, ಎಷ್ಟೋ ಸಲ ಇನ್ಸುಲಿನ್ ಚರ್ಮದ ಮೇಲೆ ಸೋರಿ ಹೋಗಿರುತ್ತೆ, ಪಂಪ್ ಮಾತ್ರ ಕೊಟ್ಟೆ ಅಂತ ಬರ್ಕೊಂಡಿರುತ್ತೆ.

ಊರಹಬ್ಬದ ದಿನ ಹಾಗೇ ಆಯ್ತು. ರಾತ್ರಿ ಊಟ ಆದ ಮೇಲೆ ಶುಗರ್ 312. ಪಂಪಲ್ಲೇ ಸರಿಪಡಿಸೋ ಡೋಸ್ ಕೊಟ್ಟೆ. ಎರಡು ಗಂಟೆ ಬಿಟ್ಟು ನೋಡಿದ್ರೆ 340. ಇಂಥ ಹೊತ್ತಲ್ಲಿ ಮತ್ತೆ ಪಂಪನ್ನ ನಂಬಬಾರದು; ಸಿರಿಂಜಲ್ಲಿ ಹಾಕ್ಕೊಂಡು, ಸೆಟ್ (ಪೈಪು, ಕ್ಯಾನುಲಾ ಎರಡೂ) ಬದಲಿಸಬೇಕು. ಇನ್ಸುಲಿನ್ ಬಾಟಲಿ ಇತ್ತು, ಹೊಸ ಸೆಟ್ ಇತ್ತು. ಸಿರಿಂಜ್ ಪೊಟ್ಟಣ ಖಾಲಿ. ಚಿಕ್ಕಪ್ಪನ ಮಕ್ಕಳು ಅವನ್ನ ಎತ್ಕೊಂಡು ಹೋಗಿ, ಓಕುಳಿ ನೀರು ತುಂಬಿ, ಹಟ್ಟಿಯ ನಾಯಿಗಳಿಗೆಲ್ಲ ಎರಚಿ ಮುಗಿಸಿದ್ವು. ಮಾವ ಬೈಕ್ ತೆಗೆದು ಪಾಂಡವಪುರಕ್ಕೆ ಓಡಿದ್ರು. "ಇನ್ಸುಲಿನ್ ಸಿರಿಂಜ್" ಅಂತ ಕೇಳಿ ತಂದ್ರು. ಟೋಪಿ ಕೆಂಪಗಿತ್ತು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಗಾಢತೆಯಲ್ಲಿ ಸಿಗುತ್ತೆ. ಒಂದು ಮಿಲಿಲೀಟರಿಗೆ 40 ಯೂನಿಟ್ ಇರೋದು, 100 ಯೂನಿಟ್ ಇರೋದು. 40ಕ್ಕೆ ಕೆಂಪು ಟೋಪಿಯ ಸಿರಿಂಜ್, 100ಕ್ಕೆ ಕಿತ್ತಳೆ ಬಣ್ಣದ ಟೋಪಿ. ಹಳ್ಳಿ ಕಡೆ ವಯಸ್ಸಾದವರು ತಗೊಳೋದು ಹೆಚ್ಚಾಗಿ 40ರ ಬಾಟಲಿ, ಅಂಗಡಿಯವರು ಅದರದ್ದೇ ಕೊಟ್ಟಿದ್ದಾರೆ. ನನ್ನ ಪಂಪಿಗೆ ಹಾಕೋದು 100. ಕೆಂಪು ಟೋಪಿ ಸಿರಿಂಜಲ್ಲಿ 10ರ ಗೆರೆವರೆಗೆ ನನ್ನ ಇನ್ಸುಲಿನ್ ಎಳೆದ್ರೆ ಒಳಗೆ ಹೋಗೋದು 10 ಅಲ್ಲ, 25. ಎರಡೂವರೆ ಪಟ್ಟು. ರಾತ್ರಿ ಹನ್ನೊಂದೂವರೆಗೆ ಅಷ್ಟು ಹಾಕ್ಕೊಂಡು ಮಲಗಿದ್ರೆ ಬೆಳಿಗ್ಗೆ ಏನಾಗಿರ್ತಿತ್ತೋ. ಮಾವನ ಮುಖ ಇಳಿದುಹೋಯ್ತು. "ಇನ್ನೊಂದ್ಸಲ ಹೋಗ್ ಬತ್ತೀನಿ ತಾಳವ್ವ, ಯಾವ್ ಬಣ್ಣ ಅಂದೆ?" ಅಂತ ಮತ್ತೆ ಬೈಕ್ ಹತ್ತಿದ್ರು. ಅಷ್ಟರಲ್ಲಿ ನಾನು ಸೆಟ್ ಬದಲಿಸಿದೆ, ಹಳೆ ಕ್ಯಾನುಲಾ ಎಲ್ ಆಕಾರಕ್ಕೆ ಮಡಚಿಕೊಂಡಿತ್ತು. ಕೀಟೋನ್ ಪಟ್ಟಿ ತೆಳು ಬಣ್ಣಕ್ಕೆ ತಿರುಗಿತ್ತು. ಕಿತ್ತಳೆ ಟೋಪಿ ಬಂತು, ಹಾಕ್ಕೊಂಡೆ, ನೀರು ಕುಡಿದೆ, ಮೂರು ಗಂಟೆ ಹೊತ್ತಿಗೆ ಇಳೀತು. ಈಗ ಸಿರಿಂಜ್ ಇರೋದು ಅಜ್ಜಿಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಅವಳ ರೇಷ್ಮೆ ಸೀರೆ ಜೊತೆ, ಬೀಗ ಹಾಕಿ.

ಪಂಪ್ ಇಟ್ಕೊಳೋಕೆ ಜೇಬು ಬೇಕು. ಹುಡುಗಿಯರ ಬಟ್ಟೆ ಹೊಲಿಯೋರಿಗೆ ಜೇಬು ಅನ್ನೋದೇ ಮರೆತುಹೋಗಿದೆ. ಪೇಟೆ ಬೀದಿಯ ಟೈಲರ್ ಅಣ್ಣ ಈಗ ಕೇಳದೇನೇ ನನ್ನ ಎಲ್ಲ ಚೂಡಿದಾರಕ್ಕೂ ಬಲಗಡೆ ಒಂದು ಜೇಬು, ಪೈಪು ಹೋಗೋಕೆ ಒಳಗಡೆ ಒಂದು ಗುಂಡಿ ತೂತು ಇಡ್ತಾರೆ. ಅಕ್ಕನ ಮದುವೆಗೆ ಲಂಗ ದಾವಣಿ ಹೊಲಿಸಿದಾಗ ಸೊಂಟದ ಪಟ್ಟಿ ಒಳಗೆ ಅಮ್ಮನೇ ಚೀಲ ಹೊಲಿದಳು. ಛತ್ರದಲ್ಲಿ ದೊಡ್ಡಮ್ಮ ನನ್ನನ್ನ ಪಕ್ಕಕ್ಕೆ ಕರೆದು ಹೇಳಿದ್ರು: "ಅದನ್ನ ಹೊರಗೆ ತೋರಿಸ್ಕೊಂಡು ಓಡಾಡಬೇಡ ಕಣೇ. ನಾಳೆ ನಿನಗೂ ಗಂಡು ನೋಡ್ಬೇಕು. ನೋಡಿದವರು ಏನಂದ್ಕೊಂಡಾರು?" ಅಮ್ಮನಿಗೆ ಕೇಳಿಸ್ತು. ಅಮ್ಮ ಸಾಮಾನ್ಯವಾಗಿ ದೊಡ್ಡಮ್ಮನಿಗೆ ಎದುರು ಮಾತಾಡಲ್ಲ. ಅವತ್ತು ಹೂವಿನ ತಟ್ಟೆ ಕೈಯಲ್ಲಿ ಹಿಡ್ಕೊಂಡೇ, "ಅಕ್ಕಾ, ಮುಚ್ಚಿಟ್ಟು ಮದುವೆ ಮಾಡಿದ್ರೆ ಆಮೇಲೆ ಇನ್ಸುಲಿನ್ ಹಾಕ್ಕೊಳೋದೂ ಬಚ್ಚಲುಮನೇಲಿ ಕದ್ದು ಹಾಕ್ಕೋಬೇಕಾ?" ಅಂದಳು. ದೊಡ್ಡಮ್ಮ ನನ್ನ ಒಳ್ಳೇದಕ್ಕೇ ಹೇಳಿದ್ದು, ಅದು ನನಗೂ ಗೊತ್ತು. ಅವರ ಕಣ್ಣ ಮುಂದೆ ಹೀಗೆ ತಪ್ಪಿಹೋದ ಸಂಬಂಧಗಳಿವೆ. ಆದ್ರೂ ನನಗೆ ಅಮ್ಮನ ಮಾತೇ ಸರಿ ಅನ್ನಿಸ್ತು. ಧಾರೆ ಹೊತ್ತಿಗೆ ಸರಿಯಾಗಿ ಪಂಪ್ ಗುಯ್ ಅಂತ ನಡುಗ್ತು, ಇನ್ಸುಲಿನ್ ಕಮ್ಮಿ ಇದೆ ಅಂತ. ಗಟ್ಟಿಮೇಳದಲ್ಲಿ ಯಾರಿಗೂ ಕೇಳಿಸಲಿಲ್ಲ.

ಪರೀಕ್ಷೆಯಲ್ಲಿ ಮಾತ್ರ ಗಟ್ಟಿಮೇಳ ಇರಲ್ಲ. ಸೆಕೆಂಡ್ ಪಿಯುಸಿ ಪರೀಕ್ಷೆಗೆ ಮುಂಚೆ ಡಾಕ್ಟರ್ ಪತ್ರ ತಗೊಂಡು ಹೋಗಿ ಪ್ರಿನ್ಸಿಪಾಲರಿಗೆ ತೋರಿಸಿದ್ವಿ, ಪಂಪ್ ಅಂದ್ರೇನು ಅಂತ ಬಿಚ್ಚಿ ವಿವರಿಸಿದ್ವಿ. ಡೆಸ್ಕ್ ಮೇಲೆ ಗ್ಲೂಕೋಸ್ ಪುಡಿ, ನೀರು ಇಡೋಕೆ ಒಪ್ಪಿದ್ರು. ಅಕೌಂಟೆನ್ಸಿ ದಿನ ಶುಗರ್ 64ಕ್ಕೆ ಇಳೀತು, ಕೈ ನಡುಗೋಕೆ ಶುರು. ಲೋ ಆದಾಗ 15 ಗ್ರಾಂ ಗ್ಲೂಕೋಸ್ ಬಾಯಿಗೆ, 15 ನಿಮಿಷ ಬಿಟ್ಟು ಮತ್ತೆ ನೋಡೋದು, ಇದು ನಮ್ಮ ಮಗ್ಗಿ. ಮನೇಲಿದ್ರೆ ಮೂರು ಚಮಚ ಸಕ್ಕರೆ ಸಾಕು. ಆ ಹದಿನೈದು ನಿಮಿಷ ತಲೆ ಓಡಲ್ಲ, ಬ್ಯಾಲೆನ್ಸ್ ಶೀಟಿನ ಎರಡು ಕಡೆಯೂ ಸುಮ್ಮನೆ ನೋಡ್ತಾ ಕೂತಿದ್ದೆ. ಆಮೇಲೆ ಸರಿಹೋಯ್ತು, ತಾಳೆಯೂ ಬಂತು.

ನೀನು ಡಾಕ್ಟರ್ ಆಗ್ಬೇಕಿತ್ತು, ಯಾಕೆ ಕಾಮರ್ಸ್ ತಗೊಂಡೆ ಅಂತ ಕೇಳೋರಿಗೆ ನನ್ನ ಹತ್ರ ಉತ್ತರ ಇದೆ. ಕಾಯಿಲೆ ಇರೋರೆಲ್ಲ ಡಾಕ್ಟರ್ ಆಗೋ ಹಾಗಿದ್ರೆ ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಡಾಕ್ಟರೇ. ನನಗೆ ಲೆಕ್ಕ ಇಷ್ಟ. ಮುಟ್ಟಿಗೆ ಮುಂಚಿನ ಕೆಲವು ದಿನ ಬೇಸಲ್ ಏರಿಸಬೇಕು, ಶುರುವಾದ ಮೇಲೆ ಇಳಿಸಬೇಕು. ಥ್ರೋಬಾಲ್ ಆಡೋವಾಗ ಪಂಪ್ ಕಳಚಿಡಬೇಕು, ಒಂದು ಗಂಟೆಗಿಂತ ಜಾಸ್ತಿ ಬಿಡೋ ಹಾಗಿಲ್ಲ, ಸಂಜೆ ಆಡಿದ್ರೆ ರಾತ್ರಿ ಮಲಗಿದಾಗ ಶುಗರ್ ಬೀಳುತ್ತೆ. ಇದೆಲ್ಲ ಲೆಕ್ಕವೇ.

ಈ ವರ್ಷ ಮೈಸೂರಲ್ಲಿ ಬಿಕಾಂ, ಹಾಸ್ಟೆಲ್. ರೂಮ್‌ಮೇಟ್ ಯಾರೋ ಇನ್ನೂ ಗೊತ್ತಿಲ್ಲ. ಅವಳಿಗೆ ಹೇಳಬೇಕಾದ್ದು ಎರಡೇ: ನಾನು ತಡಬಡ ಮಾತಾಡೋಕೆ ಶುರು ಮಾಡಿದ್ರೆ ಗ್ಲೂಕೋಸ್ ಕೊಡು, ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಸುರೀಬೇಡ, ಆಸ್ಪತ್ರೆಗೆ ಕರ್ಕೊಂಡು ಹೋಗು. ವಾರ್ಡನ್ ಫ್ರಿಜ್ಜಲ್ಲಿ ಇನ್ಸುಲಿನ್ ಇಡೋಕೆ ಒಪ್ಪಿದ್ದಾರೆ, ಫ್ರೀಜರಿನಲ್ಲಿ ಅಲ್ಲ ಅಂತ ಎರಡು ಸಲ ಹೇಳಿ ಬಂದಿದ್ದೀನಿ.

ಉಳಿದಿರೋದು ಅಮ್ಮನ ಜೊತೆಗಿನ ಚೌಕಾಸಿ. ನನ್ನ ಸೆನ್ಸರ್ ನಂಬರ್ ಅಮ್ಮನ ಫೋನಿಗೂ ಹೋಗುತ್ತೆ. ನನಗೆ ಅದು ಬೇಡ, ಅಮ್ಮನಿಗೆ ಬೇಕು. ಫೋನ್ ಮಾಡಿದ್ರೆ ಊಟ ಆಯ್ತಾ ಅಂತ ಕೇಳೋ ಬದಲು "ಯಾಕೆ 210?" ಅಂತಾಳೆ. 70ಕ್ಕಿಂತ ಕೆಳಗೆ ಹೋದ್ರೆ ಅವಳ ಫೋನ್ ಕೂಗಲಿ, ಅದಕ್ಕೆ ನಾನು ಒಪ್ಪಿದ್ದೀನಿ. ಜಗಳ ಇರೋದು ಮೇಲಿನದಕ್ಕೆ. ಅಮ್ಮ 180 ದಾಟಿದ್ರೆ ಕೂಗಬೇಕು ಅಂತಾಳೆ, ನಾನು 300 ಅಂತೀನಿ. ಸದ್ಯ 250ರಲ್ಲಿ ನಿಂತಿದೆ. ಹಾಸ್ಟೆಲ್‌ಗೆ ಸೇರೋಕೆ ಇನ್ನೂ ಸ್ವಲ್ಪ ದಿನ ಇದೆ, ಅಪ್ಪನನ್ನ ನನ್ನ ಕಡೆ ಎಳ್ಕೊಂಡು ಇನ್ನೊಂದು ಇಪ್ಪತ್ತು ಏರಿಸೋಕೆ ನೋಡ್ತಿದ್ದೀನಿ.